ಅನ್ನವಿಕ್ಕುವ ಶಾಲೆ ಅನ್ನದ ಅರಿವನ್ನೂ ನೀಡಲಿ

ಮುಂಗಾರು ನಾಡಿಗೆ ಕಾಲಿಡುವ ಹೊತ್ತಿಗೇ ನಮ್ಮ ಶಾಲೆಗಳ ಬಾಗಿಲು ತೆರೆಯುತ್ತದೆ. ರಾಗಿಯ ಬಿತ್ತನೆ, ಕಳೆ, ಕೊಯ್ಲು, ಒಕ್ಕಣೆ ಎಲ್ಲವೂ ಒಂದು ಶೈಕ್ಷಣಿಕ ವರ್ಷದೊಳಗೇ ಮುಗಿಯುತ್ತವೆ. ಬೆಳೆಯ ಕಾಲಕ್ಕೂ ಪಾಠದ ಕಾಲಕ್ಕೂ ಇರುವ ಈ ಸಹಜ ಹೊಂದಾಣಿಕೆಯನ್ನು ನಮ್ಮ ಶಿಕ್ಷಣ ವ್ಯವಸ್ಥೆ ದಶಕಗಳಿಂದ ಕಂಡೂ ಕಾಣದಂತಿದೆ. ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯದಲ್ಲಿ, ಶಾಲೆಯಲ್ಲಿ ರಾಗಿ ಮಾಲ್ಟ್ ಕುಡಿಯುವ ಮಗುವೊಂದು ರಾಗಿಯ ಪೈರು ಯಾವುದು, ಕಳೆ ಯಾವುದು ಎಂಬುದನ್ನು ಅರಿಯದೆಯೇ ಪ್ರಾಥಮಿಕ ಶಿಕ್ಷಣ ಮುಗಿಸಬಹುದು. ಅದಕ್ಕಾಗಿ ಯಾರೂ ಉತ್ತರ ಹೇಳಬೇಕಾಗಿಲ್ಲ. 2002ರಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆಯನ್ನು ಆರಂಭಿಸಿ ಮಕ್ಕಳ ಹಸಿವನ್ನು ತನ್ನ ಹೊಣೆಯೆಂದು ಒಪ್ಪಿಕೊಂಡ ರಾಜ್ಯವು, ತಟ್ಟೆಯಲ್ಲಿರುವ ಅನ್ನ ಹೇಗೆ ಬೆಳೆಯಿತೆಂಬ ಅರಿವನ್ನು ಮಾತ್ರ ಯಾರ ಹೊಣೆಯೂ ಅಲ್ಲವೆಂಬಂತೆ ಬಿಟ್ಟಿರುವುದು ವಿಷಾದದ ಸಂಗತಿ.

ಈ ವೈಫಲ್ಯಕ್ಕೆ ಚಿಂತನೆಯ ಕೊರತೆಯನ್ನು ಕಾರಣವಾಗಿ ಹೇಳುವಂತಿಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲ ಶಿಕ್ಷಣದ ಕಲ್ಪನೆ ಕೈಕೆಲಸವನ್ನೇ ಕಲಿಕೆಯ ಕೇಂದ್ರವಾಗಿಸಿತ್ತು. 1966ರಲ್ಲಿ ವರದಿ ಸಲ್ಲಿಸಿದ ಕೊಠಾರಿ ಆಯೋಗ ಕಾರ್ಯಾನುಭವವನ್ನು ಶಿಕ್ಷಣದ ಅವಿಭಾಜ್ಯ ಅಂಗವೆಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನು ಶಿಫಾರಸು ಮಾಡಿತು. 2019ರಲ್ಲಿ ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ಕೈತೋಟಗಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಪ್ರತಿ ತಲೆಮಾರೂ ಇದೇ ಸತ್ಯವನ್ನು ಹೊಸ ಹೆಸರಿನಲ್ಲಿ ಕಂಡುಕೊಂಡಿತು; ಕಡತಕ್ಕೆ ಸೇರಿಸಿ ಮುಂದಿನ ತಲೆಮಾರಿಗೆ ದಾಟಿಸಿತು.

ಕಡತದಿಂದ ಅಂಗಳಕ್ಕೆ ಇಳಿದದ್ದೇನು? ಪರಿಸರ ದಿನದಂದು ಅತಿಥಿಗಳು ನೆಟ್ಟ ಸಸಿ ಬೇಸಿಗೆ ರಜೆಯಲ್ಲಿ ನೀರಿಲ್ಲದೆ ಒಣಗುತ್ತದೆ. ಮರುವರ್ಷ ಜೂನ್‌ನಲ್ಲಿ ಅದೇ ಗುಂಡಿಗೆ ಇನ್ನೊಂದು ಸಸಿ ಬರುತ್ತದೆ. ಮಕ್ಕಳನ್ನು ಗದ್ದೆಗಿಳಿಸಿ ಒಂದು ದಿನ ನಾಟಿ ಮಾಡಿಸಲಾಗುತ್ತದೆ. ಆ ಪೈರು ತೆನೆಯೊಡೆಯುವಾಗ ನೋಡಲು ಅವರನ್ನು ಯಾರೂ ಕರೆದೊಯ್ಯುವುದಿಲ್ಲ. ಹಾಗೆಂದು ಎಲ್ಲೆಡೆಯೂ ಬರಡಲ್ಲ. ಬಿಸಿಯೂಟದ ತಟ್ಟೆ ತೊಳೆದ ನೀರನ್ನು ಕಾಲುವೆ ಮಾಡಿ ಬಸಳೆಯ ಚಪ್ಪರಕ್ಕೂ ನುಗ್ಗೆಯ ಬುಡಕ್ಕೂ ಹರಿಸಿ, ಬೆಳೆದ ಸೊಪ್ಪನ್ನು ಅಂದಿನ ಸಾರಿಗೇ ಸೇರಿಸುವ ಶಾಲೆಗಳು ನಮ್ಮಲ್ಲಿವೆ. ಆದರೆ ಅವು ಬಹುಪಾಲು ಒಬ್ಬ ಶಿಕ್ಷಕನ ಇಲ್ಲವೇ ಶಿಕ್ಷಕಿಯ ಶ್ರದ್ಧೆಯಿಂದ ಉಳಿದಿರುವಂಥವು. ಅವರಿಗೆ ವರ್ಗಾವಣೆಯಾದ ಮೇಲೆ ಪಾತಿಗಳಲ್ಲಿ ಮತ್ತೆ ಹುಲ್ಲು ಬೆಳೆಯುತ್ತದೆ. ವ್ಯಕ್ತಿಯ ಒಳ್ಳೆಯತನದ ಮೇಲಷ್ಟೇ ನಿಂತಿರುವುದನ್ನು ಸರ್ಕಾರ ತನ್ನ ಸಾಧನೆಯೆಂದು ಹೇಳಿಕೊಳ್ಳಲಾಗದು.

ಇದರ ಪರಿಣಾಮ ಕೇವಲ ಅಜ್ಞಾನಕ್ಕೆ ಸೀಮಿತವಾಗಿಲ್ಲ. 2011ರ ಜನಗಣತಿಯಂತೆ ರಾಜ್ಯದ ದುಡಿಯುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ಬೇಸಾಯಗಾರರು ಇಲ್ಲವೇ ಕೃಷಿ ಕೂಲಿಕಾರರು. ಅವರ ಮಕ್ಕಳು ಮನೆಯಿಂದ ಹೊತ್ತು ತರುವ ಮಣ್ಣಿನ, ಮಳೆನಕ್ಷತ್ರಗಳ, ಬೀಜದ ತಿಳಿವಳಿಕೆಗೆ ತರಗತಿಯಲ್ಲಿ ಅಂಕವಿಲ್ಲ, ಗೌರವವೂ ಇಲ್ಲ. ಓದದಿದ್ದರೆ ಹೊಲವೇ ಗತಿ ಎಂಬ ಮಾತನ್ನು ಮನೆಯಲ್ಲೂ ಶಾಲೆಯಲ್ಲೂ ಕೇಳುತ್ತಾ ಬೆಳೆದ ಮಗು, ತನ್ನ ತಂದೆತಾಯಿಯ ದುಡಿಮೆಯನ್ನು ಸೋಲೆಂದೇ ತಿಳಿಯುವುದರಲ್ಲಿ ಆಶ್ಚರ್ಯವಿಲ್ಲ. ಆ ಮಗುವಿಗೆ ಬೇಸಾಯವನ್ನು ಬಿಡುವ ಸ್ವಾತಂತ್ರ್ಯ ಖಂಡಿತ ಇರಬೇಕು. ಅದನ್ನು ಹೀಗಳೆಯುವ ಪಾಠವನ್ನು ಮಾತ್ರ ಶಾಲೆ ಕಲಿಸಕೂಡದು.

ಇಲ್ಲಿ ಒಂದು ಆಕ್ಷೇಪವನ್ನು ಗಂಭೀರವಾಗಿ ಪರಿಗಣಿಸಲೇಬೇಕು. ಶಾಲೆಯ ಕೆಲಸವನ್ನು ಜಾತಿ ನೋಡಿ ಹಂಚಿದ, ಬಡವರ ಮಕ್ಕಳ ಕೈಗೇ ಪೊರಕೆ ಕೊಟ್ಟ ಕಹಿ ಚರಿತ್ರೆ ಈ ನಾಡಿಗಿದೆ. ಆದ್ದರಿಂದ ಕೃಷಿ ಪಾಠವು ಎಂದಿಗೂ ಶಿಕ್ಷೆಯಾಗಬಾರದು, ಬಿಟ್ಟಿ ದುಡಿಮೆಯಾಗಬಾರದು. ಸರದಿಯಲ್ಲಿ ಎಲ್ಲ ಮಕ್ಕಳೂ ಗುದ್ದಲಿ ಹಿಡಿಯಬೇಕು; ನಗರದ ದುಬಾರಿ ಶುಲ್ಕದ ಶಾಲೆಗಳಿಗೂ ಇದರಿಂದ ವಿನಾಯಿತಿ ಸಲ್ಲದು. ಬೆಳೆದದ್ದು ಮಕ್ಕಳ ತಟ್ಟೆಗೇ ಬರಬೇಕು. ಎಲ್ಲ ಕೈಗಳಿಗೂ ಸಮನಾಗಿ ಮಣ್ಣು ಮೆತ್ತಿದಾಗಲೇ ಶ್ರಮದ ಘನತೆಯೆಂಬ ಮಾತಿಗೆ ಅರ್ಥ.

ಆಗಬೇಕಾದುದು ಅಸಾಧ್ಯವೂ ಅಲ್ಲ, ಅತಿವೆಚ್ಚದ್ದೂ ಅಲ್ಲ. ವೇಳಾಪಟ್ಟಿಯಲ್ಲಿ ವಾರಕ್ಕೊಂದು ನಿಶ್ಚಿತ ಅವಧಿ, ಹೊಣೆ ಹೊತ್ತ ಶಿಕ್ಷಕರಿಗೆ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತರಬೇತಿ, ನೀರಿನ ಖಾತರಿ, ರಜೆಯಲ್ಲಿ ತೋಟ ಕಾಯುವವರಿಗೆ ಸಂಭಾವನೆ, ಅಂಗಳವಿಲ್ಲದ ಶಾಲೆಗೆ ಚಾವಣಿಯ ಕುಂಡಗಳು: ಇಷ್ಟನ್ನು ಆದೇಶದಲ್ಲಿ ಬರೆದು, ಅನುದಾನದಲ್ಲಿ ತೋರಿಸಿ, ವರ್ಷಾಂತ್ಯದಲ್ಲಿ ಲೆಕ್ಕ ಕೇಳಿದರೆ ಸಾಕು. ಇದನ್ನೂ ಮಾಡದ ಸರ್ಕಾರಕ್ಕೆ ರೈತನನ್ನು ಬೆನ್ನೆಲುಬೆಂದು ಕೊಂಡಾಡುವ ನೈತಿಕ ಅಧಿಕಾರ ಉಳಿಯುವುದಿಲ್ಲ. ಮುಂದಿನ ಜೂನ್‌ನಲ್ಲಿ ಅದೇ ಗುಂಡಿಗೆ ಮತ್ತೊಂದು ಸಸಿ ಇಳಿಸುವ ಮುನ್ನ, ಹಿಂದಿನದು ಏಕೆ ಒಣಗಿತೆಂಬುದನ್ನು ಶಿಕ್ಷಣ ಇಲಾಖೆ ಸುತ್ತ ನಿಂತ ಮಕ್ಕಳಿಗೆ ಹೇಳಬೇಕು.