ಹಳೆಯ ಟ್ರಾಕ್ಟರಿನ ಡೀಸೆಲ್ ಪಂಪು ಸೋರುತ್ತಿದೆಯೇ?

ಮುಂಗಾರಿನ ಹದ ಮಳೆ ಬಿದ್ದೊಡನೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳ ಉಳುಮೆಗೆ ಎಲ್ಲರಿಗೂ ಒಂದೇ ಸಲ ಟ್ರಾಕ್ಟರ್ ಬೇಕಾಗುತ್ತದೆ. ಇಪ್ಪತ್ತು ಮೂವತ್ತು ವರ್ಷ ದುಡಿದ ಗಾಡಿಗಳೂ ಆಗ ಹೊಲಕ್ಕಿಳಿಯುತ್ತವೆ. ಅವುಗಳ ಡೀಸೆಲ್ ಪಂಪು, ಅಂದರೆ ಇಂಜೆಕ್ಷನ್ ಪಂಪು, ಹನಿಯುತ್ತಿದ್ದರೂ ಸಾಬೂನು ಮೆತ್ತಿ, ಬಟ್ಟೆ ಸುತ್ತಿ ಕೆಲಸ ಸಾಗಿಸುವುದು ರೂಢಿಯಾಗಿದೆ. ರೈತ ಬಾಂಧವರು ಈ ರೂಢಿಯನ್ನು ಬಿಡುವುದು ಒಳ್ಳೆಯದು.

ಸೋರುವ ಜಾಗದ ಕೆಳಗೆ, ಫ್ಯಾನ್ ಬೆಲ್ಟಿಗೆ ತಾಗದಂತೆ, ಒಂದು ಗಂಟೆ ಡಬ್ಬಿ ಕಟ್ಟಿ ಅಳೆದು ನೋಡಿ. ಗಂಟೆಗೆ 100 ಮಿಲಿಲೀಟರ್ ಸಿಕ್ಕರೆ, ದಿನಕ್ಕೆ 8 ಗಂಟೆಯಂತೆ 100 ದಿನದ ದುಡಿಮೆಯಲ್ಲಿ 80 ಲೀಟರ್ ಡೀಸೆಲ್ ಮಣ್ಣುಪಾಲು. ಒಣಗರಿ, ಸಿಪ್ಪೆ ರಾಶಿಯ ನಡುವೆ ನಿಂತ ಗಾಡಿಯಲ್ಲಿ ಈ ಡೀಸೆಲ್ ಕಾದ ಸೈಲೆನ್ಸರಿಗೆ ತಾಗಿದರೆ ಬೆಂಕಿಯ ಭಯವೂ ಉಂಟು.

ಆದರೆ ಕಣ್ಣಿಗೆ ಕಾಣುವ ಸೋರಿಕೆಗಿಂತ ಕಾಣದ ಸೋರಿಕೆ ಹೆಚ್ಚು ಹಾನಿಕರ. ರೋಟರಿ ಪಂಪಿನ ಶಾಫ್ಟ್ ಸೀಲು ಸವೆದರೆ ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಫೀಡ್ ಪಂಪಿನ ಡಯಾಫ್ರಂ ಹರಿದರೂ ಹೀಗಾಗಬಹುದು. ಆಯಿಲ್ ನೀರಾಗಿ ಬೇರಿಂಗ್ ಸವೆದು, ಕೊನೆಗೆ ಇಡೀ ಎಂಜಿನ್ ಬಿಚ್ಚಬೇಕಾದೀತು. ಆದ್ದರಿಂದ ಪ್ರತಿದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಆಯಿಲ್ ಕಡ್ಡಿ ತೆಗೆದು ನೋಡಿ. ಹಾಕದೆಯೇ ಆಯಿಲ್ ಮಟ್ಟ ಏರಿದ್ದರೆ, ಡೀಸೆಲ್ ವಾಸನೆ ಬಂದರೆ, ಗಾಡಿ ಓಡಿಸಬೇಡಿ. ಸೋರಿಕೆ ಸರಿಪಡಿಸಿ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿದ ಮೇಲೆಯೇ ಹೊರಡಿಸಿ.

ಇಷ್ಟು ವರ್ಷ ಸೋರದ ಪಂಪು ಈಗೇಕೆ ಸೋರುತ್ತದೆ ಎಂದು ಅನೇಕರು ಕೇಳುತ್ತಾರೆ. ರಬ್ಬರ್ ಸೀಲು ವಯಸ್ಸಾದಂತೆ ಗಡುಸಾಗುತ್ತದೆ. ಜೊತೆಗೆ ಡೀಸೆಲ್ ಕೂಡ ಬದಲಾಗಿದೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಮಾರುವ ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ, ಹಳೆಯ ರಬ್ಬರನ್ನು ಉಬ್ಬಿಸಿ ಇಡುತ್ತಿದ್ದ ಕೆಲವು ಅಂಶಗಳೂ ಕಡಿಮೆಯಾಗಿ ಸೀಲು ಕುಗ್ಗಬಹುದು. ಅಮೆರಿಕದಲ್ಲಿ 1993ರಲ್ಲಿ ಇಂಥ ಡೀಸೆಲ್ ಬಂದಾಗಲೂ ಹಳೆಯ ವಾಹನಗಳ ಪಂಪುಗಳು ಸೋರಿದ್ದವು. ಆದುದರಿಂದ ಹೊಸ ಸೀಲು ಕೊಳ್ಳುವಾಗ ವಿಟಾನ್ ರಬ್ಬರಿನದು ದೊರೆತರೆ ಅದನ್ನೇ ಕೇಳಿ ಪಡೆಯಿರಿ.

ಮನೆಯಲ್ಲೇ ಮಾಡಬಹುದಾದ ಕೆಲಸವಿಷ್ಟು. ಎಂಜಿನ್ ನಿಲ್ಲಿಸಿ, ಆರಿದ ಮೇಲೆ ಪಂಪನ್ನು ಡೀಸೆಲ್ ಮತ್ತು ಬ್ರಷ್ಷಿನಿಂದ ತೊಳೆದು ಒರೆಸಿ. ಮತ್ತೆ ಸ್ಟಾರ್ಟ್ ಮಾಡಿ ಹನಿ ಎಲ್ಲಿ ಹುಟ್ಟುತ್ತದೆಂದು ದೂರದಿಂದಲೇ ಗಮನಿಸಿ. ಡೀಸೆಲ್ ಒಳಬರುವ ಪೈಪಿನ ಬೋಲ್ಟಿನಲ್ಲಾದರೆ ಎಂಜಿನ್ ನಿಲ್ಲಿಸಿ ತಾಮ್ರದ ವಾಷರ್ ಎರಡನ್ನೂ ಹೊಸದು ಹಾಕಿ. ಬಿಚ್ಚಿದ ಪೈಪಿನ ಬಾಯಿಗೆ ಶುದ್ಧವಾದ ಪ್ಲಾಸ್ಟಿಕ್ ಕಟ್ಟಿ. ನಾರು, ಹತ್ತಿ ತುರುಕಬೇಡಿ, ಎಳೆ ಒಳಗೆ ಹೋಗುತ್ತದೆ. ಕೊನೆಗೆ ಫಿಲ್ಟರಿನ ಗಾಳಿ ತಿರುಪು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ ಗಾಳಿ ತೆಗೆಯಿರಿ.

ನಾಜಲ್ ಕಡೆಗೆ ಹೋಗುವ ಉಕ್ಕಿನ ಪೈಪಿನ ಸೋರಿಕೆಯನ್ನು ಮಾತ್ರ ಎಂಜಿನ್ ಓಡುವಾಗ ಬೆರಳಿಟ್ಟು ಹುಡುಕಲೇಬೇಡಿ. ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಹೊಕ್ಕೀತು. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇಲ್ಲವಾದರೆ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ.

ಪಂಪಿನ ಒಳಭಾಗವನ್ನು ಮರದ ನೆರಳಿನಲ್ಲಿ ಬಿಚ್ಚಿಸುವುದು ತರವಲ್ಲ. ಪ್ಲಂಜರ್ ಮತ್ತು ಬ್ಯಾರಲ್ ಒಂದಕ್ಕೊಂದು ಜೋಡಿಯಾಗಿ ಉಜ್ಜಿ ತಯಾರಾದವು. ಅವುಗಳ ನಡುವಿನ ಸಂದು ತಲೆಗೂದಲಿನ ದಪ್ಪದ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಒಂದು ಕಣ ಧೂಳು ಹೊಕ್ಕರೆ, ಒಂದರ ಪ್ಲಂಜರ್ ಇನ್ನೊಂದಕ್ಕೆ ಸೇರಿದರೆ ಪಂಪು ಕೆಟ್ಟಂತೆಯೇ. ಟೆಸ್ಟ್ ಬೆಂಚ್ ಇರುವ ಪಂಪು ರಿಪೇರಿ ಅಂಗಡಿಗೇ ಒಯ್ಯಿರಿ. ಇಳಿಸುವ ಮುನ್ನ ಪಂಪು ಎಂಜಿನ್ನಿಗೆ ಕೂಡುವಲ್ಲಿ ಗೆರೆ ಗುರುತು ಮಾಡಿಸಿ. ಟೈಮಿಂಗ್ ತಪ್ಪಿದರೆ ಹೊಗೆ ಹೆಚ್ಚಿ ಶಕ್ತಿ ಕುಂದುತ್ತದೆ. ಪಂಪಿನ ತಗಡಿನ ಮೇಲಿನ ನಂಬರ್ ಬರೆದುಕೊಳ್ಳಿ. ಬೆಂಗಳೂರಿನಲ್ಲಿ 1951ರಲ್ಲಿ ಆರಂಭವಾದ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿದೆ. ಹಳೆಯ ಹೆಸರಿನ ಪಂಪಿಗೆ ಸರಿಯಾದ ಸೀಲ್ ಕಿಟ್ ಹುಡುಕಲು ಆ ನಂಬರೇ ಆಧಾರ.

ರಿಪೇರಿಯಾದ ಮೇಲೆ ಬದಲಿಸಿದ ಹಳೆಯ ಭಾಗಗಳನ್ನೂ ಬೆಂಚಿನಲ್ಲಿ ಅಳೆದ ಲೆಕ್ಕದ ಚೀಟಿಯನ್ನೂ ಕೇಳಿ ಪಡೆಯಿರಿ. ಹಣ ಕೊಡುವವರು ತಾವು, ಕೇಳಲು ಸಂಕೋಚ ಬೇಡ. ಈ ಕೆಲಸಕ್ಕೆ ತಕ್ಕ ಕಾಲ ಬೇಸಿಗೆ. ಹದ ಮಳೆ ಬಿದ್ದ ಮೇಲೆ ಪಂಪು ಅಂಗಡಿಯಲ್ಲಿ ಕುಳಿತರೆ ಡೀಸೆಲಿನ ಜೊತೆಗೆ ಉಳುಮೆಯ ಹದವೂ ಕೈತಪ್ಪುತ್ತದೆ.