ಬಾಟಲಿ ಏರಿಸುವ ಮುನ್ನ

ಮೈ ಜ್ವರದಿಂದ ಕಾಯುತ್ತಿದೆ, ಕೈಕಾಲು ಮಾತ್ರ ತಣ್ಣಗಿವೆ. ನಾಡಿ ಸಿಕ್ಕೂ ಸಿಗದಂತಿದೆ. ಇಂಥ ಮಗು ಆಸ್ಪತ್ರೆಗೆ ಬಂದರೆ ಕೂಡಲೇ ನರ ಹುಡುಕಿ ಸಲೈನನ್ನು ವೇಗವಾಗಿ ಹರಿಸಬೇಕೆಂದು ತಲೆಮಾರುಗಟ್ಟಲೆ ವೈದ್ಯರು ಕಲಿತಿದ್ದಾರೆ. ರಕ್ತಸಂಚಾರ ಕುಂದಿದೆ, ದ್ರವ ತುಂಬಿದರೆ ಸರಿಹೋಗುತ್ತದೆ; ಇದರಲ್ಲಿ ಪರೀಕ್ಷಿಸಿ ನೋಡುವುದೇನಿದೆ ಎಂದು ಯಾರಿಗಾದರೂ ಅನ್ನಿಸೀತು.

ಪೂರ್ವ ಆಫ್ರಿಕಾದಲ್ಲಿ ಪರೀಕ್ಷಿಸಿಯೇ ನೋಡಿದರು. ಮಕ್ಕಳ ವೈದ್ಯೆ ಕ್ಯಾಥರಿನ್ ಮೈಟ್‌ಲ್ಯಾಂಡ್ ನೇತೃತ್ವದಲ್ಲಿ 2009ರಿಂದ ಕೀನ್ಯಾ, ಉಗಾಂಡಾ ಮತ್ತು ಟಾಂಜಾನಿಯಾದ ಆರು ಆಸ್ಪತ್ರೆಗಳಲ್ಲಿ ನಡೆದ ಆ ಕ್ಲಿನಿಕಲ್ ಟ್ರಯಲ್‌ನ ಹೆಸರು ‘ಫೀಸ್ಟ್’. ತೀವ್ರ ಜ್ವರದಿಂದ ಶಾಕ್‌ನ (ರಕ್ತಸಂಚಾರ ಕುಂದಿದ ಸ್ಥಿತಿಯ) ಲಕ್ಷಣ ತೋರುತ್ತಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸಲೈನ್, ಇನ್ನೊಂದಕ್ಕೆ ಅಲ್ಬುಮಿನ್ ದ್ರಾವಣ, ಎರಡನ್ನೂ ವೇಗವಾಗಿ. ಮೂರನೆಯದಕ್ಕೆ ದಿನನಿತ್ಯದ ಅಗತ್ಯದಷ್ಟೇ ದ್ರವ, ನಿಧಾನವಾಗಿ. ಯಾವ ಮಗು ಯಾವ ಗುಂಪಿಗೆಂಬುದು ವೈದ್ಯರ ಆಯ್ಕೆಯಾಗಿರಲಿಲ್ಲ. ಮೊದಲೇ ಮುಚ್ಚಿಟ್ಟ ಲಕೋಟೆಯಲ್ಲಿ ಬರೆದಿತ್ತು. ಆ್ಯಂಟಿಬಯಾಟಿಕ್, ಮಲೇರಿಯಾ ಔಷಧಿ, ರಕ್ತ ಇವೆಲ್ಲ ಅಗತ್ಯವಿದ್ದ ಎಲ್ಲರಿಗೂ ಸಿಕ್ಕವು.

ಮೊದಲ ಗಂಟೆಯಲ್ಲಿ ಎಲ್ಲರೂ ಎಣಿಸಿದಂತೆಯೇ ಆಯಿತು. ವೇಗವಾಗಿ ದ್ರವ ಪಡೆದ ಗುಂಪುಗಳಲ್ಲೇ ಶಾಕ್‌ನಿಂದ ಚೇತರಿಸಿಕೊಂಡ ಮಕ್ಕಳು ಹೆಚ್ಚು. ಆದರೆ 48 ಗಂಟೆ ಕಳೆಯುವಷ್ಟರಲ್ಲಿ ಆ ಎರಡೂ ಗುಂಪುಗಳಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡಿದ್ದರು. ನಿಧಾನವಾಗಿ ದ್ರವ ಪಡೆದವರಲ್ಲಿ ಶೇ 7.3. ಟ್ರಯಲ್‌ನ ಮೇಲೆ ಕಣ್ಣಿಟ್ಟಿದ್ದ ಸ್ವತಂತ್ರ ಸಮಿತಿಯ ಸಲಹೆಯಂತೆ 2011ರ ಜನವರಿಯಲ್ಲಿ ಅದನ್ನು ನಿಲ್ಲಿಸಲಾಯಿತು. 3600 ಮಕ್ಕಳನ್ನು ಸೇರಿಸಿಕೊಳ್ಳುವ ಗುರಿಯಿತ್ತು. ಅಷ್ಟರಲ್ಲಿ 3141 ಮಕ್ಕಳು ಸೇರಿದ್ದರು. (ವಾಂತಿಭೇದಿಯಿಂದ ನೀರು ಕಳೆದುಕೊಂಡ ಮಕ್ಕಳು ಇದರಲ್ಲಿ ಇರಲಿಲ್ಲ. ಆ ಮಕ್ಕಳಿಗೆ ಓಆರ್‌ಎಸ್, ಡ್ರಿಪ್ ಈಗಲೂ ಜೀವದಾನವೇ. ಇದನ್ನು ಯಾರೂ ತಪ್ಪಾಗಿ ಓದಿಕೊಳ್ಳಬಾರದು.)

ನೂರರಲ್ಲಿ ಮೂರು ಸಾವು ಹೆಚ್ಚು. ವಾರ್ಡಿನಲ್ಲಿ ನಿಂತ ಎಷ್ಟೇ ಅನುಭವಿ ವೈದ್ಯರಿಗೂ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಡ್ರಿಪ್ ಕೊಟ್ಟೊಡನೆ ಮಗು ಕಣ್ಣು ತೆರೆದದ್ದನ್ನು ಅವರು ಕಂಡಿರುತ್ತಾರೆ. ಮಾರನೆಯ ದಿನ ತೀರಿಕೊಂಡರೆ ಅದು ಕಾಯಿಲೆಯ ಲೆಕ್ಕಕ್ಕೆ ಸೇರುತ್ತದೆ. ಚಿಕಿತ್ಸೆಯೇ ಕಾರಣವಿರಬಹುದೆಂಬ ಸಂಶಯ ಹುಟ್ಟುವುದಕ್ಕೂ ಆಸ್ಪದವಿಲ್ಲ. ಐಸಿಯುನಲ್ಲಂತೂ ಇದು ದೊಡ್ಡ ಅಪಾಯ. ಅಲ್ಲಿ ಪ್ರತಿ ನಿಮಿಷವೂ ಒಂದು ಅಂಕಿ ಕಾಣುತ್ತಿರುತ್ತದೆ, ಅಂಕಿಯನ್ನು ಸರಿಪಡಿಸಿದರೆ ರೋಗಿಯನ್ನೇ ಸರಿಪಡಿಸಿದಂತೆ ತೋರುತ್ತದೆ.

ಅಮೆರಿಕದಲ್ಲಿ 2000ದಲ್ಲಿ ಪ್ರಕಟವಾದ ವೆಂಟಿಲೇಟರ್ ಟ್ರಯಲ್‌ನಲ್ಲಿ, ಶ್ವಾಸಕೋಶಕ್ಕೆ ಸಣ್ಣ ಸಣ್ಣ ಉಸಿರು ಪಡೆದವರ ಆಮ್ಲಜನಕದ ಅಂಕಿ ಮೊದಲ ದಿನಗಳಲ್ಲಿ ಕೆಳಗೇ ಇತ್ತು. ಬದುಕಿದವರು ಆ ಗುಂಪಿನಲ್ಲೇ ಹೆಚ್ಚು: ಸಾವು ಶೇ 39.8ರಿಂದ 31ಕ್ಕೆ ಇಳಿಯಿತು. ಸಕ್ಕರೆಯ ಕಥೆ ಇದಕ್ಕೆ ತಿರುಗುಮುರುಗು. ಐಸಿಯು ರೋಗಿಗಳ ರಕ್ತದ ಸಕ್ಕರೆಯನ್ನು ಇನ್ಸುಲಿನ್‌ನಿಂದ ಬಿಗಿಯಾಗಿ ಹಿಡಿದಿಟ್ಟರೆ ಸಾವು ತಗ್ಗುತ್ತದೆಂದು 2001ರಲ್ಲಿ ಬೆಲ್ಜಿಯಂನ ಒಂದೇ ಆಸ್ಪತ್ರೆಯ ಟ್ರಯಲ್ ಹೇಳಿದಾಗ ಅನೇಕ ದೇಶಗಳು ಹಿಂಬಾಲಿಸಿದವು. 2009ರಲ್ಲಿ ಆರು ಸಾವಿರಕ್ಕೂ ಹೆಚ್ಚು ರೋಗಿಗಳ ‘ನೈಸ್-ಶುಗರ್’ ಟ್ರಯಲ್ ಬಂತು. ಬಿಗಿ ಹಿಡಿತದ ಗುಂಪಿನಲ್ಲೇ ಸಾವು ಹೆಚ್ಚಿತ್ತು.

ಇಲ್ಲಿ ಕಷ್ಟದ ಪ್ರಶ್ನೆಯೊಂದಿದೆ. ಐಸಿಯು ರೋಗಿಗೆ ಎಷ್ಟೋ ಸಲ ಪ್ರಜ್ಞೆಯಿರುವುದಿಲ್ಲ. ಒಪ್ಪಿಗೆ ಕೊಡುವವರು ಯಾರು? ಫೀಸ್ಟ್‌ನಲ್ಲಿ ಸಮಯವಿಲ್ಲದಾಗ ತಂದೆತಾಯಿಯ ಬಾಯಿಮಾತಿನ ಒಪ್ಪಿಗೆ ಪಡೆದು, ಲಿಖಿತ ಒಪ್ಪಿಗೆಯನ್ನು ಆಮೇಲೆ ಪಡೆಯಲು ನೈತಿಕ ಸಮಿತಿಗಳು ಅನುಮತಿ ಕೊಟ್ಟಿದ್ದವು. ಸಾಯುತ್ತಿರುವ ಮಗುವನ್ನು ಎತ್ತಿಕೊಂಡ ತಾಯಿಯನ್ನು ಹೀಗೆ ಕೇಳುವುದು ನೆನೆದರೆ ಸಂಕಟವಾಗುತ್ತದೆ. ಆದರೂ ಅದು ಸರಿಯೆಂದೇ ನನ್ನ ನಂಬಿಕೆ. ಟ್ರಯಲ್ ಇಲ್ಲದ ಕಡೆಯೂ ಮಕ್ಕಳ ಮೇಲೆ ಪ್ರಯೋಗ ನಡೆದೇ ಇತ್ತು. ಅದರ ಫಲಿತಾಂಶವನ್ನು ಬರೆದಿಡುವವರು ಇರಲಿಲ್ಲ, ಅಷ್ಟೇ.

ನಮ್ಮಲ್ಲಿ ಐಸಿಯು ಹೊರಗೆ ಕಾಯುತ್ತಿರುವವರ ಮುಂದೆ ಟ್ರಯಲ್‌ನ ಅರ್ಜಿ ಹಿಡಿದರೆ ‘ನಮ್ಮವರನ್ನು ಪ್ರಯೋಗಪಶು ಮಾಡಬೇಡಿ’ ಎಂಬ ಮಾತು ಬರುತ್ತದೆ. ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಬಡವರಿಗೆ ಏನನ್ನೂ ವಿವರಿಸದೆ ಸಹಿ ಹಾಕಿಸಿಕೊಂಡ ಉದಾಹರಣೆಗಳು ಈ ದೇಶದಲ್ಲಿವೆ. ಹಾಗಾಗಿಯೇ ಕೇಳುವ ಹಕ್ಕನ್ನು ಬಳಸಿಕೊಳ್ಳಿ. ಭಾರತದಲ್ಲಿ ಔಷಧಿ ಟ್ರಯಲ್‌ಗಳನ್ನು ಸರ್ಕಾರಿ ನೋಂದಣಿ ತಾಣ ಸಿಟಿಆರ್‌ಐನಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ. ಅದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಆ ನೋಂದಣಿ ಸಂಖ್ಯೆ ಕೇಳಿ. ನೈತಿಕ ಸಮಿತಿ ಒಪ್ಪಿದೆಯೇ, ಟ್ರಯಲ್‌ಗೆ ಸೇರದಿದ್ದರೆ ಸಿಗುವ ಚಿಕಿತ್ಸೆ ಯಾವುದು, ನಡುವೆ ಹೊರಬರಬಹುದೇ, ಹಾನಿಯಾದರೆ ಪರಿಹಾರ ಯಾರ ಹೊಣೆ ಎಂದು ಕೇಳಿ, ಕನ್ನಡದಲ್ಲೇ ಉತ್ತರ ಪಡೆಯಿರಿ. ಉತ್ತರ ಸರಿಯಾಗಿದ್ದರೆ ಸಹಿ ಹಾಕಲು ಹಿಂಜರಿಯಬೇಡಿ.