ಪಕ್ಷಿವಿಶೇಷಃ

'ಖಂಜನಾಕ್ಷಿ' ಎಂಬ ಪದಕ್ಕೆ ಅರ್ಥವೇನೆಂದು ಸಂಸ್ಕೃತ ಓದಿದ ಯಾವ ವಿದ್ಯಾರ್ಥಿಯನ್ನಾದರೂ ಕೇಳಿರಿ. ಸುಂದರವಾದ ಕಣ್ಣುಗಳುಳ್ಳವಳು ಎಂದು ತಡವರಿಸದೆ ಹೇಳುವನು. ಖಂಜನವೆಂದರೇನೆಂದು ಕೇಳಿದರೆ, ಅಮರಕೋಶದ ಸಿಂಹಾದಿವರ್ಗದಿಂದ ಖಂಜರೀಟವೆಂಬ ಪರ್ಯಾಯಪದವನ್ನೂ ಕೊಡುವನು. ಆ ಹಕ್ಕಿ ಹೇಗಿರುವುದೆಂದು ಕೇಳಿದೊಡನೆ ಅವನು ಗುರುಗಳ ಮುಖವನ್ನು ನೋಡುವನು. ಗುರುಗಳು ವ್ಯಾಖ್ಯಾನವನ್ನು ನೋಡುವರು. ವ್ಯಾಖ್ಯಾನಕಾರನೋ 'ಪಕ್ಷಿವಿಶೇಷಃ' ಎಂದು ಬರೆದು ಕೈತೊಳೆದುಕೊಂಡಿರುವನು!

ಈ ಅಜ್ಞಾನವು ಬೇರೆಡೆ ಕ್ಷಮ್ಯವಾದೀತು, ಗೋಕಾವಿಯ ಸೀಮೆಯಲ್ಲಿ ಅಲ್ಲ. ಅಂಕಲಗಿಯಿಂದ ಹೊತ್ತಾರೆ ಹೊರಟವರು ಬಿಸಿಲೇರುವುದರೊಳಗೆ ಗೋಕಾವಿ ಪಟ್ಟಣದ ಬದಿಯಲ್ಲಿ ಘಟಪ್ರಭೆಯ ದಂಡೆಯನ್ನು ಸೇರಬಹುದು. ಅಲ್ಲಿ ಪುಷ್ಯಮಾಸದ ಬೆಳಗಿನಲ್ಲಿ, ಬಟ್ಟೆ ಒಗೆಯುವ ಕಲ್ಲುಗಳ ನಡುವೆ, ಊರಿನ ಕಸವು ಬಂದು ನಿಂತ ಕೆಸರಿನ ಮೇಲೆಯೂ, ಬೂದು ಬೆನ್ನಿನ, ಬಿಳಿಯ ಮುಖದ ಪುಟ್ಟ ಹಕ್ಕಿಯೊಂದು ಬಾಲವನ್ನು ಕುಣಿಸುತ್ತ ಓಡಾಡುವುದು. ಒಂದು ಕ್ಷಣವೂ ನಿಲ್ಲದು. ಉತ್ತರದೇಶದಿಂದ ಚಳಿಗಾಲಕ್ಕೆ ಬಂದ ಖಂಜನವದು. ಅದರ ಚಾಂಚಲ್ಯವನ್ನು ಕಂಡವನಿಗೆ ಕಣ್ಣಿನ ಉಪಮಾನವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅದನ್ನು ದಿನವೂ ಕಾಣುವ ಮಡಿವಾಳನು ಕಾವ್ಯವನ್ನು ಓದಿಲ್ಲ. ಕಾವ್ಯವನ್ನು ಓದಿದವನು ದಂಡೆಗೆ ಇಳಿದಿಲ್ಲ.

ಮಳೆಗಾಲದಲ್ಲಿ 170 ಅಡಿ ಧುಮುಕುವ ಜಲಪಾತವನ್ನು ನೋಡಲು ಜನರು ತಂಡತಂಡವಾಗಿ ನೆರೆಯುವರು. ನೀರು ಸೊರಗಿದೊಡನೆ ನೋಡತಕ್ಕದ್ದೇನೂ ಉಳಿದಿಲ್ಲವೆಂದು ಬೆನ್ನು ತಿರುಗಿಸುವರು. ಆದರೆ ಜಲಪಾತಕ್ಕೆ ಮೇಲ್ಗಡೆ, ಧುಪದಾಳದಲ್ಲಿ 1897ರಲ್ಲಿ ಪೂರ್ಣಗೊಂಡ ಒಡ್ಡಿನ ಹಿನ್ನೀರಿಗೆ ಅತಿಥಿಗಳು ಬರುವುದು ಆಗಲೇ. 1974ರಲ್ಲಿ ಸರ್ಕಾರವು ಅದನ್ನು ಪಕ್ಷಿಧಾಮವೆಂದು ಸಾರಿತು. ಮಧ್ಯ ಏಷ್ಯದಿಂದ ಹಿಮಾಲಯವನ್ನು ದಾಟಿ ಬರುವ ಕ್ರೌಂಚಕುಲದ ಹಕ್ಕಿಗಳಿಗೆ ಅದು ಬಿಡಾರ. ಕಪ್ಪು ಕೊರಳು, ಕಣ್ಣಿನ ಹಿಂದೆ ಇಳಿಬಿದ್ದ ಬಿಳಿಯ ಗರಿಗುಚ್ಛ. ಹಿಂದಿಯವರು ಇದನ್ನು ಕರ್ಕರಾ ಎನ್ನುವರು. ಅಮರಸಿಂಹನ 'ಕರ್ಕರೇಟು' ಎಂಬ ಶಬ್ದವನ್ನು ಈ ಹೆಸರಿನ ಪಕ್ಕದಲ್ಲಿಟ್ಟು ನೋಡಬೇಕೆಂದು ಎಷ್ಟು ಪಂಡಿತರಿಗೆ ತೋರಿದೆ?

ರಸಾಸ್ವಾದಕ್ಕೆ ಜಂತುಶಾಸ್ತ್ರವೇಕೆಂದು ಕೆಲವರು ಆಕ್ಷೇಪಿಸುವರು. ಚಕ್ರವಾಕದಂಪತಿಗಳು ರಾತ್ರಿ ಅಗಲುವುವೆಂಬುದು ಕವಿಸಮಯ. ನಿಜವಾದ ಹಕ್ಕಿಯಿಂದ ಅದಕ್ಕೇನಾಗಬೇಕು ಎಂಬುದು ಅವರ ವಾದ. ಇದು ಸೋಮಾರಿತನಕ್ಕೆ ತೊಡಿಸಿದ ಅಲಂಕಾರಶಾಸ್ತ್ರದ ಅಂಗಿಯೇ ಹೊರತು ಬೇರಲ್ಲ. ಲೋಕದಲ್ಲಿ ಇರುವುದು ಯಾವುದೆಂದು ಅರಿಯದವನು, ಕವಿಯು ಲೋಕವನ್ನು ಎಲ್ಲಿ ಮೀರಿದನೆಂಬುದನ್ನು ಹೇಗೆ ಅರಿಯುವನು? ಕವಿಸಮಯವನ್ನು ವಿಸ್ತಾರವಾಗಿ ವಿವೇಚಿಸಿದ ರಾಜಶೇಖರನೇ ತನ್ನ ಕಾವ್ಯಮೀಮಾಂಸೆಯಲ್ಲಿ ದೇಶವಿಭಾಗಕ್ಕೂ ಕಾಲವಿಭಾಗಕ್ಕೂ ಒಂದೊಂದು ಅಧ್ಯಾಯವನ್ನು ಮೀಸಲಿಟ್ಟನು. ಯಾವ ಋತುವಿನಲ್ಲಿ ಯಾವುದು ಕಾಣುವುದೆಂಬುದು ಅವನಿಗೆ ಕಾವ್ಯವಿದ್ಯೆಯ ಹೊರಗಿನ ಮಾತಾಗಿರಲಿಲ್ಲ.

ಹಂಸದ ಗತಿಯಂತೂ ಹಾಸ್ಯಾಸ್ಪದವಾಗಿದೆ. ರವಿವರ್ಮನು 1899ರಲ್ಲಿ ದಮಯಂತಿಯ ಮುಂದೆ ನಿಲ್ಲಿಸಿದ ಉದ್ದಗೊರಳಿನ ಬಿಳಿಯ ಹಕ್ಕಿಯೇ ಮನೆಮನೆಯ ಗೋಡೆಯ ಮೇಲೆ ಹಂಸವಾಗಿ ಕುಳಿತಿತು. ಆ ಜಾತಿಯು ಭರತಖಂಡಕ್ಕೆ ಬರುವುದು ಅತಿವಿರಳ. ಟಿಬೆಟ್ಟಿನ ಸರೋವರಗಳಿಂದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ವರ್ಷವರ್ಷವೂ ಹಿಂಡಾಗಿ ಬರುವ, ತಲೆಯ ಮೇಲೆ ಎರಡು ಕರಿಯ ಪಟ್ಟೆಗಳುಳ್ಳ ಹೆಬ್ಬಾತಿಗೆ ಮಾತ್ರ ಹಂಸವೆಂಬ ಮರ್ಯಾದೆಯಿಲ್ಲ!

ಕೆ. ಎನ್. ದವೆಯವರು ಸಂಸ್ಕೃತ ಸಾಹಿತ್ಯದ ಪಕ್ಷಿಗಳನ್ನು ಕುರಿತು ಬರೆದ ಆಂಗ್ಲ ಗ್ರಂಥವು 1985ರಲ್ಲಿಯೇ ಪ್ರಕಟವಾಯಿತು. ಅವರ ನಿರ್ಣಯಗಳನ್ನೆಲ್ಲ ಒಪ್ಪಬೇಕೆಂದಲ್ಲ. ತಪ್ಪೆಂದು ತೋರಿಸಬೇಕಾದರೂ ಹಕ್ಕಿಯನ್ನು ನೋಡಿರಬೇಕಷ್ಟೆ. ಹೆಸರನ್ನೇ ಅರಿಯದ ಊರಿಗೆ, ಒಂದು ವರ್ಷ ಆ ಹಕ್ಕಿ ಬಾರದೆ ಹೋದರೂ ಗೊತ್ತಾಗದು.

ಕರ್ಕರಗಳು ಬೆಳಿಗ್ಗೆ ಹೊಲಗಳಲ್ಲಿ ಕಾಳು ಹೆಕ್ಕಿ, ಬಿಸಿಲೇರಿದ ಮೇಲೆ ನೀರಿನಂಚಿಗೆ ಹಿಂದಿರುಗುವುವು. ಆದ್ದರಿಂದ ಶಿಷ್ಯರನ್ನು ಕರೆದೊಯ್ಯುವ ಗುರುಗಳು ನಡುಹಗಲಿಗೆ ಧುಪದಾಳವನ್ನು ಮುಟ್ಟಬೇಕು. ಒಂದು ದುರ್ಬೀನು ಸಾಕು, ಅಮರಕೋಶವನ್ನೂ ಕೊಂಡೊಯ್ಯಬಹುದು.